ತಣ್ಣನೆಯ ಕಡಲಿಗೆ ದಡದಿಂದಲೇ ಇಳಿಯುವುದು: ಮಾಂಟೆರೇ ಡೈವಿಂಗ್ ಬಗ್ಗೆ ಮನೆಯವರಿಗೊಂದು ವಿವರಣೆ

"ಅಷ್ಟು ತಣ್ಣೀರಲ್ಲಿ ಯಾಕಪ್ಪಾ ಇಳೀತೀಯ? ದೋಣಿನೂ ಇಲ್ಲ ಅಂತೀಯ. ಯಾರು ನೋಡ್ಕೋತಾರೆ ನಿನ್ನ?"

ಹೋದ ತಿಂಗಳು ಮೈಸೂರಿಂದ ಅಮ್ಮ ಫೋನಲ್ಲಿ ಕೇಳಿದ ಮಾತು ಇದು. ಶನಿವಾರ ಗೆಳೆಯರ ಜೊತೆ ಮಾಂಟೆರೇಗೆ ಡೈವಿಂಗ್‌ಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯಲು, ಹೋಗ್ತೀನಿ ಅಂತ ಹೇಳಿದ್ದೆ, ಅಷ್ಟೇ. ನನ್ನ ಜೊತೆ ಡೈವ್ ಮಾಡುವ ಮೂವರ ಮನೆಯಲ್ಲೂ ಇದೇ ಪ್ರಶ್ನೆ ಬಂದಿದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡಿಗರ ಮನೆಗಳು ಬೇಕಾದಷ್ಟಿವೆ. ಸ್ಯಾನ್ ಹೋಸೆಯಿಂದ ಮಾಂಟೆರೇ ಕಾರಲ್ಲಿ ಸುಮಾರು ಒಂದೂವರೆ ಗಂಟೆ ದಾರಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅಲ್ಲಿನ ನೀರು ಸಾಮಾನ್ಯವಾಗಿ ಹೆಚ್ಚು ತಿಳಿಯಾಗಿರುತ್ತದೆ. ಹಾಗಾಗಿ ಡೈವಿಂಗ್ ಕಲಿತವರೆಲ್ಲ ಈ ತಿಂಗಳುಗಳಲ್ಲೇ ಜಾಸ್ತಿ ಹೊರಡುತ್ತಾರೆ, ಊರಲ್ಲಿರುವ ಅಪ್ಪ ಅಮ್ಮಂದಿರ ಆತಂಕವೂ ಆಗಲೇ ಜಾಸ್ತಿ ಆಗುತ್ತದೆ.

ಅಮ್ಮನ ಪ್ರಶ್ನೆಗೆ ಫೋನಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಮೊದಲಿಂದ ಹೇಳುತ್ತೇನೆ.

ದಡದಿಂದ ಡೈವಿಂಗ್ ಅಂದರೆ ಏನು?

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅಲ್ಲಿ ದೋಣಿ ನಿಮ್ಮನ್ನು ದ್ವೀಪದ ಹತ್ತಿರ ಕರೆದುಕೊಂಡು ಹೋಗುತ್ತದೆ. ದೋಣಿಯಿಂದ ನೀರಿಗೆ ಬೀಳುತ್ತೀರಿ, ಮತ್ತೆ ದೋಣಿಗೇ ಹತ್ತುತ್ತೀರಿ. ಕಲಿಸುವವರು ಪಕ್ಕದಲ್ಲೇ ಇರುತ್ತಾರೆ. ನೀರೂ ಬೆಚ್ಚಗಿರುತ್ತದೆ.

ದಡದ ಡೈವಿಂಗ್‌ನಲ್ಲಿ ದೋಣಿ ಇಲ್ಲ. ಕಾರು ನಿಲ್ಲಿಸಿ, ಡಿಕ್ಕಿಯಿಂದ ಸಾಮಾನು ತೆಗೆದು, ಅಲ್ಲೇ ಹಾಕಿಕೊಂಡು, ಮರಳಿನ ಮೇಲೆ ನಡೆದು ಕಡಲಿಗೆ ಇಳಿಯುತ್ತೀರಿ. ನೀರಿನೊಳಗೆ ಸುತ್ತಾಡಿ, ಅದೇ ದಡಕ್ಕೆ ವಾಪಸ್ ಬರುತ್ತೀರಿ. ಜೊತೆಗೆ ಇರುವವರು ಗೆಳೆಯರು ಮಾತ್ರ. ಎಲ್ಲಿಗೆ ಹೋಗಬೇಕು, ಯಾವಾಗ ತಿರುಗಬೇಕು, ಇಳಿಯಬೇಕೋ ಬೇಡವೋ, ಎಲ್ಲ ನಿರ್ಧಾರವೂ ನಿಮ್ಮದೇ.

ಬೆನ್ನ ಮೇಲಿನ ಸಿಲಿಂಡರ್ ಬಗ್ಗೆ ಒಂದು ಮಾತು. ಅದರಲ್ಲಿ ಆಕ್ಸಿಜನ್ ತುಂಬಿರುತ್ತದೆ ಅಂತ ಪತ್ರಿಕೆಗಳಲ್ಲೂ ಬರೆಯುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಇರುವುದು ನಾವೆಲ್ಲ ಉಸಿರಾಡುವ ಗಾಳಿಯೇ. ಸೋಸಿ, ಒತ್ತಿ ಒತ್ತಿ ತುಂಬಿರುತ್ತಾರೆ. 11 ಲೀಟರ್ ಹಿಡಿಯುವ ಸಿಲಿಂಡರ್‌ಗೆ ಸುಮಾರು 2,200 ಲೀಟರ್ ಗಾಳಿ ತುರುಕಿರುತ್ತಾರೆ. ಆ ಒತ್ತಡದ ಗಾಳಿ ನೇರ ಬಾಯಿಗೆ ಬಂದರೆ ಕಷ್ಟ. ಅದನ್ನು ಪಳಗಿಸಿ, ಉಸಿರು ಎಳೆದಾಗ ಮಾತ್ರ, ಬೇಕಾದಷ್ಟು ಮಾತ್ರ ಕೊಡುವ ಉಪಕರಣವೇ ರೆಗ್ಯುಲೇಟರ್. ಇದರ ಈಗಿನ ರೂಪವನ್ನು 1943ರಲ್ಲಿ ಫ್ರಾನ್ಸ್‌ನಲ್ಲಿ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾ ಮಾಡಿ ತೋರಿಸಿದರು.

ಪಕ್ಕದ ಊರು ಬಿಸಿಲಲ್ಲಿ ಬೇಯುವಾಗ ನೀರು ಯಾಕೆ ಇಷ್ಟು ತಣ್ಣಗೆ?

ಮಾಂಟೆರೇ ಕೊಲ್ಲಿಯ ನೀರು ವರ್ಷದ ಬಹುಪಾಲು 10ರಿಂದ 15 ಡಿಗ್ರಿ ಸೆಲ್ಸಿಯಸ್ ಒಳಗೇ ಇರುತ್ತದೆ. ಸ್ಯಾನ್ ಹೋಸೆಯಲ್ಲಿ 35 ಡಿಗ್ರಿ ಸುಡುವ ದಿನವೂ ಅಲ್ಲಿ ನೀರು ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ.

ಕಾರಣ ಎರಡು. ಒಂದು, ಉತ್ತರದ ಕಡೆಯಿಂದ ತಂಪು ನೀರನ್ನು ಹೊತ್ತು ತರುವ, ಕ್ಯಾಲಿಫೋರ್ನಿಯಾ ಪ್ರವಾಹ ಎಂಬ ಕಡಲ ಹರಿವು. ಇನ್ನೊಂದು ಹೆಚ್ಚು ಸೋಜಿಗದ್ದು. ಬಿಸಿ ಹಾಲಿನ ಮೇಲೆ ಕೆನೆ ಕಟ್ಟಿರುತ್ತದೆ ಅಲ್ವಾ? ಊದಿದರೆ ಕೆನೆ ಆಚೆ ಸರಿಯುತ್ತದೆ, ಅಡಿಯ ಹಾಲು ಮೇಲೆ ಕಾಣುತ್ತದೆ. ವಸಂತ ಮತ್ತು ಬೇಸಿಗೆಯಲ್ಲಿ ಈ ಕರಾವಳಿಯ ಉದ್ದಕ್ಕೂ ವಾಯವ್ಯದಿಂದ ಗಾಳಿ ಬೀಸುತ್ತದೆ. ಆ ಗಾಳಿಯ ತಳ್ಳಾಟ, ಭೂಮಿಯ ತಿರುಗಾಟ ಎರಡೂ ಸೇರಿ ಮೇಲಿನ ಬೆಚ್ಚನೆಯ ನೀರನ್ನು ದಡದಿಂದ ದೂರಕ್ಕೆ ಸರಿಸುತ್ತವೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿ ಬರುತ್ತದೆ.

ಆ ನೀರು ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ತಳದಲ್ಲಿ ಕೂಡಿಟ್ಟ ಗೊಬ್ಬರದಂಥ ಸತ್ವವನ್ನೆಲ್ಲ ಹೊತ್ತು ತರುತ್ತದೆ. ಅದನ್ನುಂಡು ಸೂಕ್ಷ್ಮ ಜೀವಿಗಳು ಬೆಳೆಯುತ್ತವೆ, ಅವನ್ನು ತಿಂದು ಮೀನು ಬೆಳೆಯುತ್ತವೆ. ಇದು ನಮಗೆ ಹೊಸದೇನಲ್ಲ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲೂ ತಳದ ತಂಪು ನೀರು ಮೇಲೇರುತ್ತದೆ. ಬೂತಾಯಿ, ಬಂಗುಡೆ ಬೆಳೆಯುವುದರಲ್ಲಿ ಅದರ ಪಾಲು ದೊಡ್ಡದು.

ಚಳಿ ಮೈಗೆ ಏನು ಮಾಡುತ್ತದೆ?

12 ಡಿಗ್ರಿ ಗಾಳಿ ಅಂದರೆ ಮಡಿಕೇರಿಯ ಡಿಸೆಂಬರ್ ಬೆಳಗು. ಒಂದು ಸ್ವೆಟರ್ ಇದ್ದರೆ ಆರಾಮಾಗಿ ವಾಕಿಂಗ್ ಹೋಗಬಹುದು. 12 ಡಿಗ್ರಿ ನೀರಿನ ಕಥೆಯೇ ಬೇರೆ. ಮಗುವಿಗೆ ಕೊಡುವ ಹಾಲು ಬೇಗ ಆರಲಿ ಅಂತ ಲೋಟವನ್ನು ತಣ್ಣೀರಿನ ಬಟ್ಟಲಲ್ಲಿ ಇಡುತ್ತೇವಲ್ಲ, ಅದೇ ಲೆಕ್ಕ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ. ಇಲ್ಲಿ ಲೋಟದ ಜಾಗದಲ್ಲಿ ನಮ್ಮ ಮೈ ಇದೆ.

ಮೈ ತನ್ನನ್ನು ಕಾಪಾಡಿಕೊಳ್ಳಲು ಮೊದಲು ಕೈಕಾಲಿಗೆ ರಕ್ತ ಕಡಿಮೆ ಮಾಡುತ್ತದೆ. ಎದೆ, ಹೊಟ್ಟೆ ಬೆಚ್ಚಗಿರಲಿ ಅಂತ. ಆಗ ಬೆರಳು ಮರಗಟ್ಟುತ್ತವೆ. ಬಕಲ್ ಬಿಚ್ಚಲು, ಗುಂಡಿ ಒತ್ತಲು ಆಗುವುದಿಲ್ಲ. ಉಸಿರಾಟ ಜೋರಾಗುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಇನ್ನೂ ತಣ್ಣಗಾದರೆ ಯೋಚನೆಯೇ ಮಂದವಾಗುತ್ತದೆ. ಒಳಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಹವ್ಯಾಸಿ ಡೈವರ್‌ಗಳು ಅಲ್ಲಿಯವರೆಗೂ ಕಾಯುವ ಪ್ರಶ್ನೆಯೇ ಬರಬಾರದು. ನಮ್ಮ ಗುಂಪಿನಲ್ಲಿ ಮೊದಲ ನಡುಕ ಬಂದ ಕೂಡಲೇ ಡೈವ್ ಮುಗಿಯಿತು ಅಂತ ಲೆಕ್ಕ.

ಇದನ್ನು ತಡೆಯುವುದು ವೆಟ್‌ಸೂಟ್. ಹೆಸರೇ ಹೇಳುವಂತೆ ಅದರೊಳಗೆ ನೀರು ಬರುತ್ತದೆ. ಬಂದ ತೆಳುವಾದ ನೀರಿನ ಪದರ ಮೈಶಾಖಕ್ಕೆ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ. ಆದರೆ ನಿಜವಾದ ಕೆಲಸ ಮಾಡುವುದು ಸೂಟಿನ ರಬ್ಬರ್. ಸೆಟ್ ದೋಸೆಯನ್ನು ಮುರಿದು ನೋಡಿ, ಒಳಗೆಲ್ಲ ಸಣ್ಣ ಸಣ್ಣ ಗೂಡು ಇರುತ್ತವೆ. ನಿಯೋಪ್ರೀನ್ ಎಂಬ ಈ ರಬ್ಬರೂ ಹಾಗೆಯೇ. ಒಂದೇ ವ್ಯತ್ಯಾಸ ಅಂದರೆ ಈ ಗೂಡುಗಳಿಗೆ ಬಾಯಿ ಇಲ್ಲ. ಒಳಗಿನ ಅನಿಲ ಅಲ್ಲೇ ಸಿಕ್ಕಿಬಿದ್ದಿರುತ್ತದೆ. ಆ ಅನಿಲವೇ ಕಂಬಳಿ. ಇಂಥ ಸೂಟನ್ನು 1950ರ ದಶಕದ ಆರಂಭದಲ್ಲಿ ಯೋಚಿಸಿದವರು ಇದೇ ಸೀಮೆಯವರು, ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್.

ಮಾಂಟೆರೇಯಲ್ಲಿ 7 ಮಿಲಿಮೀಟರ್ ದಪ್ಪದ ಸೂಟ್ ಸಾಮಾನ್ಯ. ಜೊತೆಗೆ ಗ್ಲೌಸ್, ಬೂಟ್, ತಲೆಗೆ ಮಂಕಿ ಕ್ಯಾಪ್ ತರಹದ ಹುಡ್. ಈ ದಪ್ಪ ಸೂಟ್ ತೇಲುತ್ತದೆ, ಅದಕ್ಕೇ ಮುಳುಗಲು ಸೀಸದ ತೂಕ ಕಟ್ಟಿಕೊಳ್ಳಬೇಕು. 10 ಕೆಜಿಗೂ ಜಾಸ್ತಿ ಬೇಕಾಗಬಹುದು. ಇನ್ನೊಂದು ತೊಡಕಿದೆ. ಆಳಕ್ಕೆ ಹೋದಂತೆ ನೀರಿನ ಒತ್ತಡಕ್ಕೆ ಆ ಗೂಡುಗಳು ಚಪ್ಪಟೆಯಾಗುತ್ತವೆ. ಸೆಟ್ ದೋಸೆ ನೀರುದೋಸೆ ಆಗುತ್ತದೆ. ಅಂದರೆ ನೀರು ಇನ್ನೂ ತಣ್ಣಗಿರುವ ಜಾಗದಲ್ಲೇ ಕಂಬಳಿ ತೆಳುವಾಗುತ್ತದೆ. ಚಳಿ ತಡೆಯಲಾರದವರು ಡ್ರೈಸೂಟ್‌ಗೆ ಹೋಗುತ್ತಾರೆ. ಅದರೊಳಗೆ ನೀರು ಬರುವುದಿಲ್ಲ, ಉಣ್ಣೆಯಂಥ ಬಟ್ಟೆ ಹಾಕಿಕೊಂಡೇ ಇಳಿಯಬಹುದು. ಆದರೆ ಅದರ ಬೆಲೆ ಜಾಸ್ತಿ, ಬಳಸುವುದನ್ನು ಬೇರೆಯೇ ಕಲಿಯಬೇಕು.

ಅಲೆ ಒಡೆಯುವ ಆ ಇಪ್ಪತ್ತು ಹೆಜ್ಜೆ

ಊರಲ್ಲಿರುವವರು ಹೆದರುವುದು ಆಳಕ್ಕೆ, ಇಲ್ಲವೇ ಶಾರ್ಕ್‌ಗೆ. ದಡದ ಡೈವರ್‌ಗಳು ಎಲ್ಲಕ್ಕಿಂತ ಜಾಸ್ತಿ ಗಮನ ಕೊಡುವುದು ಮೊಣಕಾಲು ಮಟ್ಟದ ನೀರಿಗೆ. ಅಲೆ ಒಡೆಯುವ ಜಾಗ ಅದು. 30 ಕೆಜಿಗೂ ಮೀರಿದ ಸಾಮಾನು ಹೊತ್ತು, ದಪ್ಪ ಸೂಟಿನಲ್ಲಿ ಬಗ್ಗಲೂ ಆಗದೆ ನಿಂತವನಿಗೆ ಸೊಂಟದೆತ್ತರದ ಅಲೆಯೊಂದು ಸಾಕು, ಕಾಲು ಕಿತ್ತು ಕೆಡವುತ್ತದೆ.

ಅದಕ್ಕೇ ನಾವು ಬಂದ ತಕ್ಷಣ ಸೂಟ್ ಹಾಕುವುದಿಲ್ಲ. ಹತ್ತು ಹದಿನೈದು ನಿಮಿಷ ಸುಮ್ನೆ ದಡದಲ್ಲಿ ನಿಂತು ನೋಡುತ್ತೇವೆ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ನಾಲ್ಕೈದು ಸಣ್ಣವು ಬಂದು ಹೋದಮೇಲೆ ಕಡಲು ಸುಮ್ಮನಾದಂತೆ ಕಾಣುತ್ತದೆ. ಆಮೇಲೆ ಸಾಲಾಗಿ ಮೂರು ನಾಲ್ಕು ದೊಡ್ಡವು ಬರುತ್ತವೆ. ಐದು ನಿಮಿಷ ನೋಡಿ ಇಳಿದವರಿಗೆ ಆ ದೊಡ್ಡ ಸಾಲು ಇರುವುದೇ ಗೊತ್ತಾಗಿರುವುದಿಲ್ಲ.

ಹಿಂದಿನ ರಾತ್ರಿಯೇ ಹವಾಮಾನದ ಅಂಕಿ ನೋಡಿರುತ್ತೇವೆ. ಕಡಲಲ್ಲಿ ತೇಲುವ ಅಳತೆಯಂತ್ರಗಳು ಅಲೆಯ ಎತ್ತರ, ಎರಡು ಅಲೆಗಳ ನಡುವಿನ ಸಮಯ ಎರಡನ್ನೂ ಕಳಿಸುತ್ತವೆ. ಎತ್ತರ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. 8 ಸೆಕೆಂಡಿಗೊಮ್ಮೆ ಬರುವ ಅಲೆ ಹತ್ತಿರದ ಗಾಳಿಯಿಂದ ಹುಟ್ಟಿದ್ದು. 16 ಸೆಕೆಂಡಿಗೊಮ್ಮೆ ಬರುವ ಅಷ್ಟೇ ಎತ್ತರದ ಅಲೆ ಎಲ್ಲೋ ದೂರದ ಬಿರುಗಾಳಿಯಿಂದ ಹೊರಟು ಬಂದದ್ದು, ಅದರ ಹಿಂದೆ ಇರುವ ನೀರಿನ ರಾಶಿ ತುಂಬಾ ದೊಡ್ಡದು. ದಡಕ್ಕೆ ಬಂದಾಗ ಅದು ಇನ್ನೂ ಎತ್ತರಕ್ಕೆ ಎದ್ದು ಬಡಿಯುತ್ತದೆ.

ಜಾಗದಿಂದ ಜಾಗಕ್ಕೂ ಲೆಕ್ಕ ಬದಲಾಗುತ್ತದೆ. ಮಾಂಟೆರೇ ಊರಿನ ಸ್ಯಾನ್ ಕಾರ್ಲೋಸ್ ಬೀಚ್‌ಗೆ ಡೈವರ್‌ಗಳು ಬ್ರೇಕ್‌ವಾಟರ್ ಎಂದೇ ಹೇಳುತ್ತಾರೆ. ಪಕ್ಕದಲ್ಲಿ ಬಂಡೆ ಪೇರಿಸಿ ಕಟ್ಟಿದ ತಡೆಗೋಡೆ ಇದೆ. ತಳ ನಿಧಾನಕ್ಕೆ ಇಳಿಜಾರಾಗಿದೆ. ಹೊಸಬರು ಕಲಿಯುವುದು ಇಲ್ಲೇ. ಅಲ್ಲಿಂದ ಕಾರಲ್ಲಿ ಸ್ವಲ್ಪ ದೂರ, ಕಾರ್ಮೆಲ್ ಆಚೆ ಮಾನಾಸ್ಟರಿ ಬೀಚ್ ಇದೆ. ನೋಡಲು ಶಾಂತ. ಆದರೆ ಕಡಲೊಳಗಿನ ಕಣಿವೆಯ ಒಂದು ಕವಲು ದಡದ ಹತ್ತಿರದವರೆಗೂ ಬಂದಿದೆ. ಹಾಗಾಗಿ ಅಲೆಗೆ ಮೊದಲೇ ಒಡೆದು ಸುಸ್ತಾಗಲು ಜಾಗವೇ ಸಿಗುವುದಿಲ್ಲ, ನೇರ ಕಾಲಬುಡದಲ್ಲಿ ಬಂದು ಬಡಿಯುತ್ತದೆ. ದಪ್ಪ ಮರಳಿನ ಕಡಿದಾದ ಇಳಿಜಾರು ಹೆಜ್ಜೆ ಇಟ್ಟರೆ ಜಾರುತ್ತದೆ. ಜೀವ ಹೋದದ್ದೂ ಉಂಟು. ಸ್ಥಳೀಯರು ಅದನ್ನು ಹೆಣದ ಮನೆ ಎಂಬ ಅರ್ಥದ ಹೆಸರಿಂದ ಕರೆಯುತ್ತಾರೆ. ನಾವು ಅಲ್ಲಿಗೆ ಮೂರು ಸಲ ಹೋಗಿದ್ದೇವೆ, ಎರಡು ಸಲ ನೋಡಿಕೊಂಡು ಹಾಗೇ ವಾಪಸ್ ಬಂದಿದ್ದೇವೆ. ಇಷ್ಟು ದೂರ ಬಂದೆವಲ್ಲ ಅನ್ನುವುದು ನೀರಿಗೆ ಇಳಿಯಲು ಕಾರಣವಲ್ಲ.

ಇಳಿಯುವಾಗ ಮಾಸ್ಕ್ ಹಾಕಿ, ರೆಗ್ಯುಲೇಟರ್ ಬಾಯಲ್ಲಿ ಕಚ್ಚಿಕೊಂಡೇ ಇಳಿಯುತ್ತೇವೆ. ಬಿದ್ದರೂ ಉಸಿರಿಗೆ ಗಾಳಿ ಇರಬೇಕು. ಜೋಡಿಯಾಗಿ ಒಬ್ಬರ ಭುಜ ಇನ್ನೊಬ್ಬರು ಹಿಡಿದು, ಪಾದ ಎತ್ತದೆ ಎಳೆದು ಎಳೆದು ಹೆಜ್ಜೆ ಇಡುತ್ತೇವೆ. ವಾಪಸ್ ಬರುವಾಗ ಎದ್ದು ನಿಲ್ಲುವ ಆತುರ ಬೇಡ. ಅಲೆ ಜೋರಾಗಿದ್ದರೆ ಮಗು ಅಂಬೆಗಾಲಿಟ್ಟ ಹಾಗೆ ಕೈ ಮೊಣಕಾಲು ಊರಿ, ಒಣ ಮರಳು ಸಿಗುವವರೆಗೂ ತೆವಳಿಕೊಂಡು ಬರುವುದೇ ಸರಿಯಾದ ಕ್ರಮ.

ಕಿವಿ, ಗಾಳಿ ಮತ್ತು ಗೋಲಿ ಸೋಡಾ

ನೀರಿನ ಮೇಲೆ ನಮ್ಮ ಮೈಮೇಲೆ ಒಂದು ವಾತಾವರಣದಷ್ಟು ಒತ್ತಡ ಇರುತ್ತದೆ. ಕಡಲಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಇನ್ನೊಂದರಷ್ಟು ಸೇರುತ್ತದೆ. 10 ಮೀಟರ್‌ನಲ್ಲಿ ಎರಡು ಪಟ್ಟು, 20ರಲ್ಲಿ ಮೂರು ಪಟ್ಟು. ಡೈವಿಂಗ್‌ನ ನಿಯಮಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ ಹುಟ್ಟಿವೆ.

ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದೆ, ಎಂಜಲು ನುಂಗಿದರೆ ಬಿಡುತ್ತದೆ. ನೀರಲ್ಲಿ ಮೊದಲ ಮೂರು ನಾಲ್ಕು ಮೀಟರ್‌ಗೇ ಅದಕ್ಕಿಂತ ಜೋರಾಗಿ ಕಟ್ಟುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಸರಿಮಾಡಿಕೊಳ್ಳುತ್ತಾ ಇಳಿಯಬೇಕು. ನೆಗಡಿ ಇದ್ದ ದಿನ ಇಳಿಯುವ ಹಾಗಿಲ್ಲ.

ಗಾಳಿಯ ಖರ್ಚೂ ಒತ್ತಡದಷ್ಟೇ ಏರುತ್ತದೆ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಆ 2,200 ಲೀಟರ್ ನೀರಿನ ಮೇಲೆ 110 ನಿಮಿಷ ಬರುತ್ತದೆ. 10 ಮೀಟರ್‌ನಲ್ಲಿ 55 ನಿಮಿಷ, 20 ಮೀಟರ್‌ನಲ್ಲಿ 36 ನಿಮಿಷ ಅಷ್ಟೇ. ಪೂರ್ತಿ ಖಾಲಿ ಮಾಡುವುದೂ ಇಲ್ಲ. ದಡದಿಂದ ಇಳಿದಾಗ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಕೊನೆಯ ಪಾಲು ಆಪತ್ತಿಗೆ ಅಂತ ಹಂಚಿಕೊಳ್ಳುವುದು ಒಳ್ಳೆಯ ರೂಢಿ.

ಮೇಲೆ ಬರುವಾಗ ಎರಡು ಮಾತು ಮರೆಯಬಾರದು. ಉಸಿರು ಕಟ್ಟಬಾರದು. 10 ಮೀಟರ್ ಆಳದಲ್ಲಿ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ, ಹೊರಗೆ ಬಿಡದಿದ್ದರೆ ಶ್ವಾಸಕೋಶಕ್ಕೆ ಪೆಟ್ಟು. ಎರಡನೆಯದು, ನಿಧಾನ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ಗೋಲಿ ಸೋಡಾದ ಗೋಲಿಯನ್ನು ಫಟ್ ಅಂತ ಒತ್ತಿದರೆ ನೊರೆ ಉಕ್ಕುತ್ತದೆ. ಮೆಲ್ಲಗೆ ಒತ್ತಿ ಅನಿಲ ಬಿಟ್ಟರೆ ಉಕ್ಕುವುದಿಲ್ಲ. ಬೇಗ ಬೇಗ ಮೇಲೆ ಬಂದರೆ ಮೈಯೊಳಗೇ ಹಾಗೆ ಗುಳ್ಳೆ ಏಳಬಹುದು. ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ಏನೂ ಆಗಬಹುದು. ಅದಕ್ಕೇ ನಿಮಿಷಕ್ಕೆ 9 ಮೀಟರ್‌ಗಿಂತ ಜೋರಾಗಿ ಏರುವುದಿಲ್ಲ, 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲುತ್ತೇವೆ.

ಊರಿಗೆ ಹೊರಡುವವರು ಇದನ್ನು ನೆನಪಿಡಿ: ವಿಮಾನದೊಳಗೆ ಒತ್ತಡ ನೆಲದ ಮೇಲಿಗಿಂತ ಕಡಿಮೆ. ಒಂದೇ ಒಂದು ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಬೆಳಗ್ಗೆ ಡೈವ್ ಮಾಡಿ ರಾತ್ರಿ ಬೆಂಗಳೂರಿನ ವಿಮಾನ ಹಿಡಿಯುವ ಯೋಚನೆ ಬೇಡವೇ ಬೇಡ.

ಜೊತೆಗಾರ ಯಾಕೆ ಬೇಕು?

ಗೆಳೆಯರ ಜೊತೆ ಅನ್ನುವುದು ಇಲ್ಲಿ ಬರೀ ಖುಷಿಯ ಮಾತಲ್ಲ. ಪ್ರತಿಯೊಬ್ಬರ ಹತ್ತಿರವೂ ಉಸಿರಾಡಲು ಬಾಯಲ್ಲಿ ಕಚ್ಚುವ ರೆಗ್ಯುಲೇಟರ್ ತುದಿ ಒಂದು ಹೆಚ್ಚಿಗೆ ಇರುತ್ತದೆ. ಅದು ತನಗಲ್ಲ, ಜೊತೆಗಾರನ ಗಾಳಿ ನಿಂತುಹೋದರೆ ಅವನಿಗೆ. ಇಳಿಯುವ ಮುಂಚೆ ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟಿ ನೋಡುತ್ತೇವೆ. ತೂಕದ ಬೆಲ್ಟ್ ಯಾವ ಕಡೆ ಬಿಚ್ಚುತ್ತದೆ, ಸಿಲಿಂಡರ್ ಪೂರ್ತಿ ತೆರೆದಿದೆಯಾ, ಗಾಳಿ ಎಷ್ಟಿದೆ, ಎಲ್ಲ.

ನೀರಲ್ಲಿ ಮಾತಿಲ್ಲ, ಕೈಸನ್ನೆ ಮಾತ್ರ. ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗೋಣ ಅಂತ. ಸರಿ ಇದ್ದೇನೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಹೋದ ನವೆಂಬರ್‌ನಲ್ಲಿ ನನ್ನ ಜೊತೆಗಾತಿಯ ಗ್ಲೌಸ್ ಬೆರಳ ಸಂದಿಯಲ್ಲಿ ಹರಿದಿತ್ತು. ಇಪ್ಪತ್ತು ನಿಮಿಷ ಆಗಿತ್ತು. ಸರಿ ಇದ್ದೀಯಾ ಅಂತ ಸನ್ನೆ ಮಾಡಿದೆ. ಅವಳೂ ಉಂಗುರ ಮಾಡಿ ತೋರಿಸಿದಳು. ಆದರೆ ಉಂಗುರ ಪೂರ್ತಿ ಆಗಲೇ ಇಲ್ಲ. ಎರಡು ಬೆರಳಿನ ತುದಿ ಒಂದಕ್ಕೊಂದು ಮುಟ್ಟದೆ ಅರ್ಧ ಇಂಚು ದೂರದಲ್ಲೇ ನಡುಗುತ್ತಿದ್ದವು. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ. ನಾನು ಹೆಬ್ಬೆರಳು ಎತ್ತಿದೆ. ದಡಕ್ಕೆ ಬಂದ ಮೇಲೆ ಅವಳ ಬಕಲ್‌ಗಳನ್ನೆಲ್ಲ ನಾನೇ ಬಿಚ್ಚಬೇಕಾಯಿತು.

ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು ಅನ್ನುವುದು ಡೈವರ್‌ಗಳ ನಡುವಿನ ಹಳೆಯ ಒಪ್ಪಂದ. ಯಾಕೆ ಅಂತ ಕೇಳಿ ಮುಜುಗರ ಮಾಡುವವರ ಜೊತೆ ಇಳಿಯಬೇಡಿ.

ನೀರು ಕದಡಿ ಜೊತೆಗಾರ ಕಾಣದೇ ಹೋದರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ಇಬ್ಬರೂ ಮೇಲೆ ಬರಬೇಕು. ಇಲ್ಲಿ ನೀರು ತಿಳಿ ಇದ್ದ ದಿನ 10 ಮೀಟರ್ ಕಂಡರೆ ಅದೃಷ್ಟ. 3 ಮೀಟರ್ ಕಾಣುವ ದಿನಗಳೂ ಇವೆ.

ಇಷ್ಟೆಲ್ಲ ಪಾಡು ಯಾಕೆ?

ಅಡಿಕೆ ತೋಟದಲ್ಲಿ ಮಧ್ಯಾಹ್ನ ಮಲಗಿ ಮೇಲೆ ನೋಡಿದ್ದೀರಾ? ಸೋಗೆಗಳ ಸಂದಿಯಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತದೆ. ಕೆಲ್ಪ್ ಕಾಡು ಹಾಗಿರುತ್ತದೆ, ಇಡೀ ತೋಟವೇ ಅಲೆಗೆ ತೂಗುತ್ತಿರುತ್ತದೆ ಅನ್ನುವುದೊಂದೇ ವ್ಯತ್ಯಾಸ. ಕೆಲ್ಪ್ ಅಂದರೆ ಕಡಲಪಾಚಿಯ ದೈತ್ಯ ಜಾತಿ. ತಳದ ಬಂಡೆಯನ್ನು ಹಿಡಿದುಕೊಂಡು, ಎಲೆಯ ಬುಡದಲ್ಲಿರುವ ಗಾಳಿಬುರುಡೆಗಳಿಂದ ತೇಲುತ್ತಾ ನೀರಿನ ಮೇಲಿನವರೆಗೂ ಬೆಳೆಯುತ್ತದೆ. ಎಲ್ಲ ಕೂಡಿಬಂದರೆ ದಿನಕ್ಕೆ 60 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಅದಕ್ಕೆ ಬೇಕಾದ ಸತ್ವ ತರುವುದು ಅದೇ ತಣ್ಣನೆಯ ತಳದ ನೀರು. ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ: ಬೆಚ್ಚನೆಯ ನೀರಿನಲ್ಲಿ ಈ ಕಾಡು ಬೆಳೆಯುವುದೇ ಇಲ್ಲ.

ಬ್ರೇಕ್‌ವಾಟರ್‌ನಿಂದ ಸ್ವಲ್ಪ ದೂರ ಈಜಿದರೆ 15 ಮೀಟರ್ ಹತ್ತಿರದ ಆಳದಲ್ಲಿ ಬಿಳಿ ಕಡಲಹೂಗಳ ಬಯಲು ಇದೆ. ಹೂ ಅನ್ನುತ್ತೇವೆ, ಅವು ಪ್ರಾಣಿಗಳು. ಮೊಣಕಾಲೆತ್ತರದ ಕಾಂಡದ ಮೇಲೆ ಹೂಕೋಸು ಇಟ್ಟ ಹಾಗೆ ಕಾಣುತ್ತವೆ. ಟಾರ್ಚ್ ಬಿಟ್ಟರೆ ಮಂಜಿನೊಳಗಿಂದ ಸಾಲು ಸಾಲಾಗಿ ಎದ್ದು ಬರುತ್ತವೆ. ಸೀಲ್‌ಗಳು ಹಿಂದಿನಿಂದ ಬಂದು ನಮ್ಮ ಕಾಲಿಗೆ ತೊಟ್ಟ ಈಜುರೆಕ್ಕೆ (ಫಿನ್) ಕಚ್ಚಿ ಎಳೆಯುವುದೂ ಉಂಟು. ಅವು ತಾವಾಗಿ ಬಂದರೆ ಸರಿ, ನಾವು ಬೆನ್ನಟ್ಟುವಂತಿಲ್ಲ. 1972ರಿಂದ ಅದಕ್ಕೆ ಕಾನೂನೇ ಇದೆ.

ಈ ಕಾಡಿನ ಕಾವಲುಗಾರ ಕಡಲ ನೀರುನಾಯಿ. ಕೆಲ್ಪ್‌ನ ಬುಡ ಕಡಿಯುವ ಮುಳ್ಳುಚೆಂಡುಗಳನ್ನು (ಮೈತುಂಬ ಮುಳ್ಳಿರುವ ಕಡಲಜೀವಿ, ಸೀ ಅರ್ಚಿನ್) ಅದು ತಿನ್ನುತ್ತದೆ. ತುಪ್ಪಳಕ್ಕಾಗಿ ಬೇಟೆಯಾಡಿ ಈ ಕರಾವಳಿಯಲ್ಲಿ ಅವು ಮುಗಿದೇ ಹೋದವು ಅಂದುಕೊಂಡಿದ್ದರು. 1938ರಲ್ಲಿ ಬಿಗ್ ಸರ್ ಹತ್ತಿರ ಒಂದು ಸಣ್ಣ ಗುಂಪು ಕಾಣಿಸಿತು. ಈಗ ಕ್ಯಾಲಿಫೋರ್ನಿಯಾದಲ್ಲಿ ಇರುವುದು ಅವುಗಳ ಸಂತತಿಯೇ. ನೀರುನಾಯಿ ಇಲ್ಲದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕಥೆ ಬೇರೆಯಾಯಿತು. 2013ರಿಂದ ರೋಗಕ್ಕೆ, ಮುಳ್ಳುಚೆಂಡು ತಿನ್ನುವ ನಕ್ಷತ್ರಮೀನು ಸತ್ತವು, 2014ರಿಂದ 2016ರವರೆಗೆ ಕಡಲು ಬಿಸಿಯಾಯಿತು, ತಿನ್ನುವವರಿಲ್ಲದೆ ಮುಳ್ಳುಚೆಂಡು ಹೆಚ್ಚಿದವು, ಶೇ 90ಕ್ಕಿಂತ ಜಾಸ್ತಿ ಕೆಲ್ಪ್ ಕಾಡು ಹೋಯಿತು. ಮಾಂಟೆರೇಯಲ್ಲೂ ಕೆಲ್ಪ್ ಸವೆದಿದೆ. ನೋಡಬೇಕು ಅನ್ನಿಸಿದರೆ ಈಗಲೇ ನೋಡಬೇಕು ಅನ್ನುವುದು ನನ್ನ ಅವಸರ.

ಕೆಲ್ಪ್ ಕಾಲಿಗೆ ಸುತ್ತಿಕೊಂಡರೆ? ಗಿರಗಿರ ತಿರುಗಿದರೆ ಇನ್ನೂ ಸುತ್ತುತ್ತದೆ. ನಿಂತು, ಪೆನ್ಸಿಲ್ ಮುರಿದ ಹಾಗೆ ಮಡಚಿ ಮುರಿದರೆ ಪಟ್ ಅನ್ನುತ್ತದೆ.

ಯಾರು ಇಳಿಯಬಹುದು?

ತರಬೇತಿ ಪಡೆದು ಕಾರ್ಡ್ ಇರುವವರು. ಮೊದಲ ಹಂತದ ಕಾರ್ಡ್‌ಗೆ 18 ಮೀಟರ್ ಆಳದ ಮಿತಿ. ಈಜು ಬರಬೇಕು, ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದರೆ ಡಾಕ್ಟರ್ ಒಪ್ಪಬೇಕು. ನೇತ್ರಾಣಿಯಲ್ಲೋ ಅಂಡಮಾನ್‌ನಲ್ಲೋ ಕಲಿಸುವವರ ಕೈ ಹಿಡಿದು ಒಮ್ಮೆ ಮುಳುಗಿದ್ದು ತರಬೇತಿ ಅಲ್ಲ. ಅಲ್ಲಿ ಪೂರ್ತಿ ಕೋರ್ಸ್ ಮಾಡಿದವರೂ ಇಲ್ಲಿನ ಮೊದಲ ಡೈವ್ ಅನ್ನು ಈ ಜಾಗ ಗೊತ್ತಿರುವವರ ಜೊತೆಯೇ ಮಾಡಬೇಕು. ಪಾಯಿಂಟ್ ಲೋಬೋಸ್‌ನಂಥ ಕಾಯ್ದಿಟ್ಟ ಜಾಗದಲ್ಲಿ ಮುಂಗಡ ಬುಕಿಂಗ್, ಕಾರ್ಡ್ ಎರಡೂ ಬೇಕು.

ದಡದಲ್ಲಿ ಕೂತವರ ಕೆಲಸ

ಮುಂದಿನ ತಿಂಗಳು ಅಮ್ಮ ಇಲ್ಲಿಗೆ ಬರುತ್ತಿದ್ದಾರೆ, ನಮ್ಮ ಜೊತೆ ಬೀಚ್‌ಗೂ ಬರುತ್ತಾರೆ. ನಿಮ್ಮ ಮನೆಯವರೂ ಬಂದರೆ ಅವರಿಗೂ ಇಲ್ಲಿ ಕೆಲಸ ಇದೆ.

ಎಷ್ಟು ಜನ ಇಳಿದರು, ಎಷ್ಟು ಗಂಟೆಗೆ ಇಳಿದರು, ಎಷ್ಟು ಗಂಟೆಯೊಳಗೆ ಬರುತ್ತೇವೆ ಅಂದರು, ಮೂರನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ನೀರಿನ ಮೇಲೆ ತಲೆ ಎದ್ದರೆ ಕೈ ಬೀಸುತ್ತಾರಾ ನೋಡಿ. ಒಂದು ಕೈಯಿಂದ ತಲೆ ಮುಟ್ಟಿಕೊಂಡು ದೊಡ್ಡ ವೃತ್ತ ಮಾಡಿದರೆ ಚೆನ್ನಾಗಿದ್ದಾರೆ ಅಂತ. ಕೈ ಎತ್ತಿ ಆಚೆ ಈಚೆ ಬೀಸುತ್ತಿದ್ದರೆ ಅದು ಟಾಟಾ ಅಲ್ಲ, ಸಹಾಯ ಬೇಕು ಅಂತ. ಆಗ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕು. ಹೇಳಿದ ಹೊತ್ತು ಮೀರಿ ಯಾರೂ ಕಾಣದಿದ್ದರೂ ಅಷ್ಟೇ, ತಡ ಮಾಡದೆ ಮಾಡಬೇಕು.

ಕಾರಿನಲ್ಲಿ ಒಣ ಟವೆಲ್, ಉಣ್ಣೆಯ ಟೋಪಿ, ಗಾಳಿ ತಡೆಯುವ ಜಾಕೆಟ್ ಕೈಗೆ ಸಿಗುವ ಹಾಗೆ ಇಟ್ಟಿರಿ. ಎದ್ದು ಬಂದ ಮೊದಲ ಐದು ನಿಮಿಷದಲ್ಲಿ ಒದ್ದೆ ಮೈಗೆ ಗಾಳಿ ಬಡಿದು ಚಳಿ ನೀರೊಳಗಿಗಿಂತ ಜಾಸ್ತಿ ಅನ್ನಿಸಬಹುದು. ಬೆರಳು ಆಡದವರಿಗೆ ಜಿಪ್ ಎಳೆದುಕೊಡಿ. ಜೀರಿಗೆ ಕಷಾಯದ ಫ್ಲಾಸ್ಕ್ ಇದ್ದರೆ ಒಳ್ಳೆಯದು. ಇಳಿದಷ್ಟೂ ತಲೆ ಮರಳಿನ ಮೇಲೆ ಬಂದವಾ ಅಂತ ಎಣಿಸಿ, ಆಮೇಲೆ ಮುಚ್ಚಳ ತೆಗೆಯಿರಿ.